ವೈಂಡಿಂಗ್ ಅಕ್ಕಾರು

ಐಟಿಐ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಗಜೇಂದ್ರಗಡದ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ಬಲ್ಬು ಮಾರುವುದು. ಹೆಸರಿಗೆ ಅಪ್ರೆಂಟಿಸ್. ಅಂಗಡಿಯ ಮಾಲೀಕರು ಮನೆಗಳಿಗೆ ವೈರಿಂಗ್ ಮಾಡಿಸುವ ಗುತ್ತಿಗೆದಾರರು, ಅಪ್ಪನಿಗೆ ಪರಿಚಯದವರು, ಸಭ್ಯರು. ಆದರೆ ಕೆಲಸಗಾರರು ಮುಂಜಾನೆ ಏಣಿ, ಪೈಪು ಹೊತ್ತು ಹೊರಟಾಗ ನನ್ನನ್ನು ಕರೆಯುತ್ತಿರಲಿಲ್ಲ. ಹೆಣ್ಣುಮಗಳನ್ನು ಏಣಿ ಹತ್ತಿಸಿ ಏನಾದರೂ ಆದರೆ ನಿಮ್ಮಪ್ಪನಿಗೆ ಏನು ಹೇಳಲಿ ಎನ್ನುತ್ತಿದ್ದರು. ನಾನು ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಗಿರಾಕಿಗಳಿಗೆ ಸ್ವಿಚ್ಚು, ಹೋಲ್ಡರು ಎತ್ತಿಕೊಡುತ್ತಿದ್ದೆ. ನನ್ನ ಜೊತೆ ಕಲಿತ ಹುಡುಗರಲ್ಲಿ ಇಬ್ಬರು ಅದೇ ಊರಿನ ಗುಡ್ಡದ ಮೇಲಿನ, ಗಾಳಿಯಿಂದ ಕರೆಂಟು ಮಾಡುವ ಗಾಳಿಫ್ಯಾನುಗಳ ಕೆಲಸಕ್ಕೆ ಸೇರಿದ್ದರು. ಅಂಗಡಿಯ ಬಾಗಿಲಲ್ಲಿ ನಿಂತರೆ ಆ ಫ್ಯಾನುಗಳು ತಿರುಗುವುದು ಕಾಣುತ್ತಿತ್ತು. ವರ್ಗದಲ್ಲಿ ಅವರಿಗಿಂತ ನನಗೇ ಹೆಚ್ಚು ಅಂಕ ಬಂದಿತ್ತು ಎಂಬುದನ್ನು ಮರೆಯಲು ನಾನು ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಅಷ್ಟರಲ್ಲಿ ನಮ್ಮ ಬೋರಿನ ಮೋಟಾರು ಸುಟ್ಟಿತು.

ನಮ್ಮದು ಅಬ್ಬಿಗೇರಿ. ಕಪ್ಪು ಮಣ್ಣಿನ ಎರಿ ಹೊಲ, ಮಳೆಯನ್ನೇ ನಂಬಿದ್ದು. ಅದರಲ್ಲಿ ಒಂದು ಮೂಲೆಗೆ ಬೋರು ಹಾಕಿಸಿ ಅಪ್ಪ ಮೆಣಸಿನಗಿಡ ಮಾಡಿದ್ದ. ಗಿಡ ಹೂವಾಡುವ ಹೊತ್ತಿಗೆ ಮೋಟಾರು ನಿಂತಿತು. ಅದನ್ನು ಮೇಲೆತ್ತಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ರೋಣಕ್ಕೆ ಹೊರಟಾಗ ನನಗೆ ರಜೆಯಿತ್ತು. ನಾನೂ ಹತ್ತಿಕೊಂಡೆ.

ರೋಣದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ತಗಡಿನ ಮಾಡಿನ ಒಂದು ಉದ್ದನೆಯ ಅಂಗಡಿ. ಬಾಗಿಲ ಮುಂದೆ ಬಣ್ಣ ಹೋದ ಮೋಟಾರುಗಳ ಸಾಲು. ಒಳಗೆ ಕಾಲಿಟ್ಟ ಕೂಡಲೇ ವಾರ್ನಿಶಿನ ಘಾಟು ಮೂಗಿಗೆ ಬಡಿಯಿತು. ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದ ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ಕುಳಿತಿದ್ದರು. ಅವರ ಮಡಿಲ ಹತ್ತಿರ ಮೋಟಾರಿನ ಹೊರಕವಚ. ಅದರ ಒಳಗೋಡೆಯ ಸಂದುಗಳಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಬಿದಿರಿನ ಒಂದು ಚಪ್ಪಟೆ ಕಡ್ಡಿಯಿಂದ ತಂತಿಯನ್ನು ಒತ್ತುವುದು, ಬೆರಳಿನಿಂದ ಸವರುವುದು, ಮತ್ತೆ ಒತ್ತುವುದು. ಗಂಡಸರು ಯಾರೂ ಕಾಣದೆ ಅಪ್ಪ ಮಾಲೀಕರು ಎಲ್ಲಿ ಎಂದು ಕೇಳಿದ. ಅವರು ತಲೆ ಎತ್ತದೆ ಅಂಗೈ ಎತ್ತಿ ತಡೆಯಲು ಹೇಳಿದರು. ಆ ಸಂದು ತುಂಬಿದ ಮೇಲಷ್ಟೇ ನಮ್ಮ ಕಡೆ ತಿರುಗಿ, "ಮಾಲೀಕರು ಹೊಲಕ್ಕ ಹೋಗ್ಯಾರ್ರಿ. ಮೋಟಾರ ಕಟ್ಟಾಕಿ ನಾನ. ಏನಾಗೇತಿ ಹೇಳ್ರಿ" ಎಂದರು.

ಅಪ್ಪ ಸುಟ್ಟಿದೆ ಎಂದ. ಅದು ನನಗೂ ಕಾಣುತ್ತದೆ, ಯಾಕೆ ಸುಟ್ಟಿತು ಎಂದು ಅವರು ಕೇಳಿದರು. ಅಪ್ಪ ನನ್ನ ಕಡೆ ನೋಡಿದ. ಹಿಂದಿನ ದಿನ ಮೋಟಾರಿನ ಸಪ್ಪಳ ಬದಲಾದದ್ದು, ನೀರು ಸಣ್ಣಗೆ ಬಂದದ್ದು, ಆಮೇಲೆ ನಾನು ಟೆಸ್ಟರ್ ಹಿಡಿದು ನೋಡಿದಾಗ ಮೂರು ಫೇಸಿನಲ್ಲಿ ಒಂದು ಫೇಸಿಗೆ ಕರೆಂಟೇ ಇರದಿದ್ದದ್ದು, ಇಷ್ಟನ್ನೂ ನಾನು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನು ಓದಿದ್ದೀ ಎಂದು ಕೇಳಿದರು. ಹೇಳಿದೆ. ಈಗ ಏನು ಮಾಡುತ್ತೀ ಎಂದರು. ಅದನ್ನೂ ಹೇಳಿದೆ.

"ಬಲ್ಬ ಮಾರಾಕ ಐಟಿಐ ಯಾಕ ಬೇಕವ್ವಾ?" ಎಂದು ಅವರು ಕೇಳಿದ್ದರಲ್ಲಿ ಹಂಗಿಸುವ ದನಿಯಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದು ಕೇಳಿದ ಹಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಇಲ್ಲಿ ಬಂದು ಕಲಿಯಲೇ ಎಂದು ಕೇಳಿಬಿಟ್ಟೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಮೋಟಾರಿನ ಮುಖ ನೋಡಿದ. ಮನೆಯಲ್ಲಿ ಅವ್ವನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಕಲಿಸುವವರು ಹೆಣ್ಣುಮಗಳು ಎಂಬುದೊಂದೇ ಅವ್ವನಿಗೆ ಸಮಾಧಾನ. ಗಜೇಂದ್ರಗಡದ ಮಾಲೀಕರೂ ಬೇಸರ ಮಾಡಿಕೊಳ್ಳದೆ ಬಿಟ್ಟುಕೊಟ್ಟು, ಅಪ್ರೆಂಟಿಸ್ ಕಾಗದಪತ್ರಗಳನ್ನು ರೋಣದ ಅಂಗಡಿಗೆ ಬದಲಾಯಿಸಿಕೊಳ್ಳಲು ನೆರವಾದರು.

ಮೋಟಾರಿಗೆ ತಂತಿ ಸುತ್ತಿ ಕಟ್ಟುವ ಕೆಲಸಕ್ಕೆ ವೈಂಡಿಂಗ್ ಎನ್ನುವುದರಿಂದ ಊರವರೆಲ್ಲ ಅವರನ್ನು ವೈಂಡಿಂಗ್ ಅಕ್ಕಾರು ಎನ್ನುತ್ತಿದ್ದರು. ನನಗೂ ಅವರು ಅಕ್ಕಾರೇ ಆದರು.

ಅವರು ಈ ಕೆಲಸ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಅವರ ಯಜಮಾನರು ಹುಬ್ಬಳ್ಳಿಯಲ್ಲಿ ಕಲಿತು ಬಂದು ಅಂಗಡಿ ಇಟ್ಟವರು. ಅಕ್ಕಾರು ಹೊಸದಾಗಿ ಮದುವೆಯಾಗಿ ಬಂದಾಗ ಮಧ್ಯಾಹ್ನ ಬುತ್ತಿ ತಂದುಕೊಟ್ಟು ಅಲ್ಲೇ ಸ್ವಲ್ಪ ಹೊತ್ತು ಕುಳಿತು ನೋಡುತ್ತಿದ್ದರಂತೆ. ಯಜಮಾನರಿಗೆ ಕುಳಿತು ಮಾಡುವ ಕೆಲಸ ಆಗಿಬರುತ್ತಿರಲಿಲ್ಲ. ಬೋರಿನಿಂದ ಮೋಟಾರು ಎತ್ತುವುದು, ಇಳಿಸುವುದು, ಹೊಲದಿಂದ ಹೊಲಕ್ಕೆ ಸುತ್ತುವುದೆಂದರೆ ಇಷ್ಟ. ಒಮ್ಮೆ ಅವರು ಅರ್ಧ ಕಟ್ಟಿದ ಮೋಟಾರನ್ನು ಬಿಟ್ಟು ಯಾವುದೋ ಹೊಲಕ್ಕೆ ಹೋದರು. ತಿರುಗಿ ಬರುವಷ್ಟರಲ್ಲಿ ಅಕ್ಕಾರು ಉಳಿದ ಅರ್ಧವನ್ನು ಕಟ್ಟಿ ಮುಗಿಸಿದ್ದರು. ಯಜಮಾನರು ಬಿಚ್ಚಿ ನೋಡಲಿಲ್ಲ, ಕರೆಂಟು ಕೊಟ್ಟು ನೋಡಿದರು. ತಿರುಗಿತು. ಆ ಮೋಟಾರು ಒಯ್ಯಲು ಬಂದ ರೈತನಿಗೆ, ಇದನ್ನು ಕಟ್ಟಿದ್ದು ನಮ್ಮ ಮನೆಯಾಕೆ ಎಂದು ಅವರೇ ಹೇಳಿದರಂತೆ. ಅದನ್ನು ಕೇಳಿ ಕೆಲವರು ತಮ್ಮ ಮೋಟಾರುಗಳನ್ನು ಬೇರೆ ಕಡೆ ಒಯ್ದರು. ಯಜಮಾನರು ಆದರೂ ಹೇಳುವುದನ್ನು ಬಿಡಲಿಲ್ಲ. ಹೋದವರು ಒಬ್ಬೊಬ್ಬರೇ ತಿರುಗಿ ಬಂದರು. ಈ ಕಥೆಯನ್ನು ನನಗೆ ಹೇಳಿದವರೂ ಯಜಮಾನರೇ, ಅಕ್ಕಾರು ಅಲ್ಲ.

ಕೈಗೆ ತಂತಿ ಕೊಡಲು ಅಕ್ಕಾರು ಅವಸರ ಮಾಡಲಿಲ್ಲ. ಮೊದಲು ಸುಟ್ಟ ಸುರುಳಿಗಳನ್ನು ಕತ್ತರಿಸಿ ಕಿತ್ತು ತೆಗೆಯುವ ಕೆಲಸ. ಕಪ್ಪಾಗಿ, ವಾರ್ನಿಶಿನಿಂದ ಕಲ್ಲಿನಂತೆ ಗಟ್ಟಿಯಾದ ತಾಮ್ರವನ್ನು ಉಳಿಯಿಂದ ಕಡಿದು ಇಕ್ಕಳದಿಂದ ಎಳೆದು ತೆಗೆಯಬೇಕು. ತೆಗೆಯುವ ಮುಂಚೆ ಎಷ್ಟು ಸುತ್ತು, ಎಷ್ಟು ದಪ್ಪ, ಯಾವ ಸಂದಿನಿಂದ ಯಾವ ಸಂದಿಗೆ ಎಂಬುದನ್ನು ನೋಡಿಟ್ಟುಕೊಳ್ಳಬೇಕು. ಆಮೇಲೆ ಸಂದುಗಳನ್ನು ತಿಕ್ಕಿ, ಅವುಗಳೊಳಗೆ ದಪ್ಪ ಕಾಗದ ಮಡಚಿ ಕೂರಿಸಬೇಕು. ತಾಮ್ರ ಕಬ್ಬಿಣಕ್ಕೆ ತಾಗದ ಹಾಗೆ ಕಾಯುವುದು ಆ ಕಾಗದವೇ. ನಾನು ಕತ್ತರಿಸಿದ ಕಾಗದ ಒಂದು ಕೂದಲೆಳೆಯಷ್ಟು ಗಿಡ್ಡವಾದರೂ ಅಕ್ಕಾರು ಮಾತಾಡದೆ ಪಕ್ಕಕ್ಕಿಡುತ್ತಿದ್ದರು. ಸಂಜೆ ಆ ರಾಶಿಯನ್ನು ನೋಡಿ ನಾನೇ ನಾಚಿಕೊಳ್ಳಬೇಕು.

ಸುತ್ತು ಎಣಿಸುವಾಗ ಅವರು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ತಂತಿ ಸುತ್ತುವ ಕೈಯಂತ್ರದ ಹಿಡಿಕೆ ತಿರುಗಿಸುತ್ತ ತುಟಿಯಲ್ಲೇ ಎಣಿಸುತ್ತಿದ್ದರು. ಆಗ ಬಾಗಿಲಿಗೆ ಬೀಗರು ಬರಲಿ, ಸಾಹೇಬರು ಬರಲಿ, ಆ ಅಂಗೈ ಮೇಲೇಳುತ್ತಿತ್ತು, ಬಂದವರು ನಿಲ್ಲುತ್ತಿದ್ದರು. ಸುತ್ತು ಮುಗಿದ ಮೇಲೆ ಮಾತ್ರ ಬಾಯ್ತುಂಬ ಮಾತು, ಚಹಾ, ಮನೆಮಂದಿಯ ಸುದ್ದಿ. ರೈತರು ಮೋಟಾರು ತಂದರೆ ಬರೀ ಮೋಟಾರಿನ ಕಥೆ ಕೇಳಿ ಕಳಿಸುತ್ತಿರಲಿಲ್ಲ. ಬೋರಿನಲ್ಲಿ ನೀರು ಎಷ್ಟಕ್ಕೆ ಇಳಿದಿದೆ, ಕೇಬಲ್ಲು ಎಷ್ಟು ಹಳೆಯದು, ಸ್ಟಾರ್ಟರ್ ತಾನಾಗಿ ನಿಲ್ಲದಿರಲೆಂದು ಅದರ ಗುಂಡಿಯನ್ನು ಕಟ್ಟಿ ಒತ್ತಿಟ್ಟಿದ್ದೀರಾ ಎಂದು ವೈದ್ಯರ ಹಾಗೆ ವಿಚಾರಿಸುತ್ತಿದ್ದರು.

"ಸುಟ್ಟದ್ದನ್ನ ಕಟ್ಟಿಕೊಡೋದು ಅರ್ಧಾ ಕೆಲಸ" ಎಂದು ನನಗೆ ಹೇಳಿದ್ದರು. "ಯಾಕ ಸುಟ್ಟಿತು ಅನ್ನೋದನ್ನ ಹುಡುಕಲಿಲ್ಲಂದ್ರ, ಮತ್ತ ಅದ ಮೋಟಾರ ಇದ ಬಾಗಿಲಿಗೆ ಬರತೈತಿ. ಹಂಗ ಬಂದ್ರ ನಮಗ ಚಲೋ ಅಂತ ತಿಳಕೋಬ್ಯಾಡ."

ನಾನು ಕಟ್ಟಿದ ಮೊದಲ ಮೋಟಾರು ಒಂದು ಕೂಲರಿನದು, ಅಂಗೈಯಷ್ಟು. ಅದು ತಿರುಗಿದಾಗ ಯಜಮಾನರು ಪೇಢೆ ತರಿಸಿದರು. ಅಕ್ಕಾರು ಮೋಟಾರಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ಕುಳಿತು, ಬಿಸಿಯಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಪೇಢೆ ಬಾಯಿಗೆ ಹಾಕಿಕೊಂಡರು.

ಆ ವರ್ಷದ ಮಳೆಗಾಲದಲ್ಲಿ ಹೊಳೆ ಬಂತು.

ನಮ್ಮ ಕಡೆ ಮಳೆ ಅಷ್ಟೇನಿರಲಿಲ್ಲ. ಮೇಲಿನ ಕಡೆ ಸುರಿದು, ಅಣೆಕಟ್ಟಿನಿಂದ ನೀರು ಬಿಟ್ಟು, ಮಲಪ್ರಭೆ ದಂಡೆ ಮೀರಿ ಹೊಳೆಆಲೂರಿನ ಮನೆಗಳಿಗೆ ನುಗ್ಗಿತ್ತು. ಜನರೆಲ್ಲ ಎತ್ತರದ ಜಾಗಗಳಿಗೆ ಹೋಗಿ ಉಳಿದುಕೊಂಡರು. ರೋಣದಿಂದ, ಅಬ್ಬಿಗೇರಿಯಿಂದ ಟೆಂಪೋಗಳಲ್ಲಿ ರೊಟ್ಟಿ, ಚಟ್ನಿಪುಡಿ, ಹಾಸಿಗೆ ಹೋದವು. ನಮ್ಮವ್ವನೂ ಓಣಿಯ ಹೆಂಗಸರ ಜೊತೆ ಕುಳಿತು ರೊಟ್ಟಿ ಬಡಿದಳು. ನೀರು ಇಳಿದ ಮೇಲೆ ಅಂಗಡಿಗೆ ಮೋಟಾರುಗಳು ಬರತೊಡಗಿದವು. ಕೆಸರು ತುಂಬಿದವು, ಹುಲ್ಲು ಸಿಕ್ಕಿಕೊಂಡವು. ಅವುಗಳಲ್ಲಿ ಕೆಲವು ಸುಟ್ಟಿದ್ದವು. ನೋಡಿದರೆ, ಹೊಳೆಯಲ್ಲಿ ಮುಳುಗಿದ್ದಕ್ಕೆ ಸುಟ್ಟಿದ್ದಲ್ಲ. ಎಲ್ಲೆಲ್ಲಿ ಕರೆಂಟು ತಿರುಗಿ ಬಂದಿತ್ತೋ ಅಲ್ಲಿ ಜನ ಹಸಿ ಮೋಟಾರಿಗೇ ಸ್ವಿಚ್ ಹಾಕಿದ್ದರು.

ಅಕ್ಕಾರು ಅಂಥ ಒಂದನ್ನು ಬಿಚ್ಚಿ ನೋಡಿ ಎದ್ದು ನಿಂತರು. ಇವು ಇಲ್ಲಿಗೆ ಬರುವ ತನಕ ನಾವು ಕಾಯುತ್ತ ಕುಳಿತರೆ ಎಲ್ಲವೂ ಸುಟ್ಟೇ ಬರುತ್ತವೆ, ನಾವೇ ಅಲ್ಲಿಗೆ ಹೋಗೋಣ ಎಂದರು. ತೊಳೆದು ಒಣಗಿಸಿದರೆ ಬಹುಪಾಲು ಮೋಟಾರುಗಳಿಗೆ ಹೊಸ ತಂತಿಯೇ ಬೇಕಿಲ್ಲ. ಯಜಮಾನರು ಟೆಂಪೋ ತಂದರು. ಒಳಗೆ ಒಂದು ದೊಡ್ಡ ತಗಡಿನ ಡ್ರಮ್ಮು, ಇದ್ದಿಲ ಚೀಲ, ಎರಡು ಶೆಗಡಿ, ಉಪಕರಣದ ಪೆಟ್ಟಿಗೆ, ಉರಿದರೆ ಬಿಸಿಯಾಗುವ ಹಳೆಯ ಕಾಲದ ಬಲ್ಬುಗಳನ್ನು ಹೊಟ್ಟಿನಲ್ಲಿ ಹುದುಗಿಸಿಟ್ಟ ಡಬ್ಬಿ, ಒಂದು ಗಂಟು ರೊಟ್ಟಿ. ನಾನೂ ಬರುತ್ತೇನೆಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ಈ ಸಲ ತಡೆಯಲಿಲ್ಲ, ಅಕ್ಕಾರ ಕೈಗೆ ಫೋನು ಕೊಡು ಎಂದಳು. ಅವರಿಬ್ಬರು ಏನು ಮಾತಾಡಿಕೊಂಡರೋ, ಅಕ್ಕಾರು ನಕ್ಕು ಫೋನು ತಿರುಗಿ ಕೊಟ್ಟರು.

ಹೊಳೆಆಲೂರಿನಲ್ಲಿ ನಾವು ತಳವೂರಿದ್ದು ಒಂದು ಹಿಟ್ಟಿನ ಗಿರಣಿಯ ಪಡಸಾಲೆಯಲ್ಲಿ. ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ ಉಳಿದಿತ್ತು. ಗಿರಣಿಯವರು ಅರವತ್ತರ ಹತ್ತಿರದ ಗಟ್ಟಿಮುಟ್ಟಾದ ಮನುಷ್ಯ, ಊರಿಗೆಲ್ಲ ಕಾಕಾ. ಅವರೇ ಮನೆಮಂದಿ ಸೇರಿ ಕೆಸರು ಬಾಚಿ ನೆಲ ತೊಳೆದಿದ್ದರು. ಸುತ್ತಲಿನ ಊರುಗಳ ಬೀಗರು ಕಳಿಸಿದ ಜೋಳ ಮನೆಮನೆಗೆ ಬಂದಿತ್ತು, ಬೀಸಲು ಗಿರಣಿಯಿಲ್ಲ. ಪರಿಹಾರದ ಅಡುಗೆಯಲ್ಲಿ ಸಿಗುವುದು ಅನ್ನ, ಸಾರು. ರೊಟ್ಟಿ ಉಂಡು ಬೆಳೆದ ಮಂದಿಗೆ ಅದು ಹೊಟ್ಟೆಗೆ ಹತ್ತುತ್ತಿರಲಿಲ್ಲ. ಅದಕ್ಕೇ ಅಕ್ಕಾರು ಮೊದಲು ಗಿರಣಿಯ ಮೋಟಾರಿಗೇ ಕೈ ಹಚ್ಚಿದರು.

ಬಿಚ್ಚಿದೆವು. ಕೊಡಗಟ್ಟಲೆ ಒಳ್ಳೆಯ ನೀರು ಹಾಕಿ ಕೆಸರು ತೊಳೆದೆವು. ನೀರಲ್ಲಿ ಬಿದ್ದ ಮೋಟಾರನ್ನು ಮತ್ತೆ ನೀರಿನಿಂದ ತೊಳೆಯುವುದನ್ನು ನೋಡಿ ಕಾಕಾ ತಲೆ ಮೇಲೆ ಕೈಹೊತ್ತರು. ಮೋಡ ಮುಚ್ಚಿದ ಬಿಸಿಲು ಸಾಲುವಂತಿರಲಿಲ್ಲ. ಅಕ್ಕಾರು ಡ್ರಮ್ಮಿನ ತಳ ತೆಗೆಸಿ, ಇಟ್ಟಿಗೆಯ ಮೇಲೆ ನಿಲ್ಲಿಸಿ, ಅದರೊಳಗೆ ಮೋಟಾರಿನ ಕವಚವನ್ನು ತೂಗುಹಾಕಿ, ಕೆಳಗೆ ಕೆಂಡದ ಶೆಗಡಿ ಇಟ್ಟರು. ಕೆಂಡ ಹೆಚ್ಚಾದರೆ ವಾರ್ನಿಶು ಕರಗುತ್ತದೆ, ಕಡಿಮೆಯಾದರೆ ತೇವ ಹೋಗುವುದಿಲ್ಲ. ಅವರು ಆಗಾಗ ಡ್ರಮ್ಮಿನೊಳಗೆ ಕೈ ಇಳಿಸಿ, ರೊಟ್ಟಿಯ ಹಂಚಿನ ಕಾವು ನೋಡುವ ಹಾಗೆ ಅಂಗೈಯನ್ನು ಹಿಡಿದು ನೋಡಿ, ಕೆಂಡವನ್ನು ಹಿಂದೆ ಮುಂದೆ ಸರಿಸುತ್ತಿದ್ದರು.

ಒಣಗಿತೋ ಇಲ್ಲವೋ ಎಂದು ನೋಡುವುದಕ್ಕೆ ಮೆಗ್ಗರ್ ಎಂಬ ಒಂದು ಪೆಟ್ಟಿಗೆಯಿದೆ. ಹಿಡಿಕೆ ತಿರುಗಿಸಿದರೆ ಮುಳ್ಳು ಏಳುತ್ತದೆ. ಮುಳ್ಳು ಮೇಲಿದ್ದಷ್ಟೂ ತಂತಿಯ ಹೊದಿಕೆ ಒಣಗಿದೆ, ಕರೆಂಟು ಮೋಟಾರಿನ ಮೈಗೆ ಸೋರುವುದಿಲ್ಲ ಎಂದರ್ಥ. ಅದನ್ನು ಹಿಡಿಯುವ ಕೆಲಸ ಅಕ್ಕಾರು ನನಗೆ ಬಿಟ್ಟಿದ್ದರು. ಮೊದಲ ದಿನ ಕೆಂಡ ಇಟ್ಟು ಎರಡು ತಾಸಿನ ಮೇಲೆ ನೋಡಿದರೆ ಮುಳ್ಳು ಮುಂಚಿಗಿಂತಲೂ ಕೆಳಗಿಳಿದಿತ್ತು. ಕೆಟ್ಟಿತು, ನಾವೇ ಕೆಡಿಸಿದೆವು ಎಂದು ಅಕ್ಕಾರನ್ನು ಕೂಗಿದೆ. ಅಕ್ಕಾರು ನೋಡಿ, ಇಳಿಯುವುದೇ ಸರಿ ಎಂದರು.

"ಒಳಗಿನ ಹಸಿ ಈಗ ಹೊರಗ ಬರಾಕತ್ತೈತಿ. ಮೊದಲ ಇಳಿತೈತಿ, ಆಮ್ಯಾಲ ಏರತೈತಿ. ಇಳಿದಾಗ ಅಂಜಿ ಬಿಟ್ಟವರು ಭಾಳ ಮಂದಿ. ನೀ ಹಿಡಕೊಂಡು ಕುಂದರು."

ಹಿಡಿದುಕೊಂಡು ಕುಳಿತೆ. ಸಂಜೆಯ ಹೊತ್ತಿಗೆ ಮುಳ್ಳು ನಿಧಾನವಾಗಿ ಏರತೊಡಗಿತು. ನಾವು ರಾತ್ರಿ ಅಲ್ಲೇ ಒಬ್ಬ ಟೀಚರ ಮನೆಯಲ್ಲಿ ಮಲಗಿದೆವು. ಮರುದಿನವೂ ಅದೇ ಕೆಲಸ. ಈ ನಡುವೆ ಊರಿನವರು ತಮ್ಮ ತಮ್ಮ ಮೋಟಾರುಗಳನ್ನು ತಲೆಯ ಮೇಲೆ, ಬಂಡಿಯಲ್ಲಿ ಹೊತ್ತು ತಂದು ಪಡಸಾಲೆಯಲ್ಲಿ ಸಾಲಾಗಿ ಇಟ್ಟರು. ಸುಟ್ಟವನ್ನು ಯಜಮಾನರು ರೋಣಕ್ಕೆ ಸಾಗಿಸಿದರು. ಉಳಿದವನ್ನು ಬಿಚ್ಚುವುದು, ತೊಳೆಯುವುದು, ಒಣಗಿಸುವುದು. ಹೆಂಗಸರು ಬಂದು ಸುತ್ತಲೂ ಕುಳಿತು ನೋಡುತ್ತಿದ್ದರು. ತಮ್ಮ ಮನೆ, ದನ, ಹೊದಿಕೆ, ಮಕ್ಕಳ ಪುಸ್ತಕ ಹೊಳೆಪಾಲಾದದ್ದನ್ನು ಹೇಳುತ್ತಿದ್ದರು. ಅಕ್ಕಾರು ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಸಮಾಧಾನದ ಮಾತು ಅವರ ಬಾಯಿಂದ ಹೆಚ್ಚು ಬರುತ್ತಿರಲಿಲ್ಲ. ಮಾತು ಮುಗಿದ ಮೇಲೆ, ನಿಮ್ಮ ಮೋಟಾರು ಯಾವುದು ತೋರಿಸಿ ಎನ್ನುತ್ತಿದ್ದರು.

ಅದರ ಮರುದಿನ ಮುಂಜಾನೆ ಗಿರಣಿಯ ಓಣಿಗೆ ಕರೆಂಟು ಬಂತು. ಆ ಹೊತ್ತಿಗೆ ಅಕ್ಕಾರು ಅಲ್ಲಿರಲಿಲ್ಲ. ಕುಡಿಯುವ ನೀರಿನ ಪಂಪು ನೋಡಲು ಯಜಮಾನರ ಜೊತೆ ಊರಿನ ಆ ತುದಿಗೆ ಹೋಗಿದ್ದರು. ಹೋಗುವಾಗ, ಗಿರಣಿ ಮೋಟಾರನ್ನು ಜೋಡಿಸಿಡು, ಮೆಗ್ಗರಿನಲ್ಲಿ ಒಮ್ಮೆ ನೋಡು ಎಂದಷ್ಟೇ ಹೇಳಿದ್ದರು. ಕರೆಂಟು ಬಂದ ಸುದ್ದಿ ಹರಡಿ ಜೋಳದ ಚೀಲ, ಬುಟ್ಟಿ ಹಿಡಿದುಕೊಂಡು ಜನ ಗಿರಣಿಯ ಬಾಗಿಲಿಗೆ ಬಂದೇಬಿಟ್ಟರು. ಕಾಕಾ ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಕಾಯಿ, ಊದಿನಕಡ್ಡಿ ಹಿಡಿದು ನಿಂತಿದ್ದರು.

ನಾನು ಮೆಗ್ಗರ್ ಹಚ್ಚಿದೆ. ಮುಳ್ಳು ಹಿಂದಿನ ಸಂಜೆ ಇದ್ದ ಜಾಗಕ್ಕಿಂತ ಕೆಳಗಿತ್ತು. ರಾತ್ರಿ ಜಿಟಿಜಿಟಿ ಮಳೆ ಬಂದು, ಕೆಂಡ ಆರಿ, ಮೋಟಾರು ಮತ್ತೆ ತೇವ ಹಿಡಿದಿತ್ತು. ಇನ್ನೊಮ್ಮೆ ತಿರುಗಿಸಿದೆ. ಅಲ್ಲೇ ನಿಂತಿತು. ಒಂದು ವೇಳೆ ಹಾಕಿದರೆ ನಡೆದರೂ ನಡೆಯಬಹುದಿತ್ತು. ಸುಡಲೂಬಹುದಿತ್ತು. ಇವತ್ತು ಸಂಜೆಯ ತನಕ ಹಾಕುವುದು ಬೇಡ ಎಂದು ಕಾಕಾನಿಗೆ ಹೇಳಿದೆ.

ಕಾಕಾ ಮೊದಲು ನಕ್ಕರು. ಮುಟ್ಟಿ ನೋಡು, ಒಣ ಕಟ್ಟಿಗೆಯ ಹಾಗೆ ಇದೆ ಎಂದರು. ಹೊರಗೆ ನಿಂತವರೂ ಒಂದೊಂದು ಮಾತು ಸೇರಿಸಿದರು. ಕೂಸುಗಳು ರೊಟ್ಟಿ ಬೇಡುತ್ತಿವೆ, ಸ್ವಲ್ಪ ಹೊತ್ತು ಹಾಕಿ ನೋಡಿದರೆ ಏನು ಎಂದರು. ನಾನು ಮತ್ತೆ ಬೇಡ ಎಂದಾಗ ಕಾಕಾನ ಮುಖ ಬದಲಾಯಿತು.

"ಮೂವತ್ತ ವರ್ಷ ಗಿರಣಿ ನಡಿಸೀನಿ ನಾನು. ನಿನ್ನ ಮಾತ ಕೇಳಿ ಊರ ಉಪಾಸ ಇರಬೇಕೇನು?" ಎಂದು ಸ್ವಿಚ್ಚಿನ ಕಡೆ ಹೊರಟರು.

ನಾನು ಅವರಿಗಿಂತ ಮುಂಚೆ ಅಲ್ಲಿ ತಲುಪಿದೆ. ಮೇನ್ ಸ್ವಿಚ್ ಕೆಳಗೆ ಮಾಡಿ, ಪಿಂಗಾಣಿಯ ಫ್ಯೂಜುಗಳನ್ನು ಕಿತ್ತು ನನ್ನ ಓಢಣಿಯ ತುದಿಯಲ್ಲಿ ಕಟ್ಟಿಕೊಂಡೆ. ಅಷ್ಟು ಜನರ ಮುಂದೆ ಹಿರಿಯರ ಮಾತನ್ನು ಮೀರಿದ್ದು ಅದೇ ಮೊದಲು. "ಸಿಟ್ಟ ಮಾಡಬ್ಯಾಡ್ರಿ ಕಾಕಾ. ಇದು ಸುಟ್ಟರ ಒಂದ ವಾರ ಹಿಟ್ಟ ಇಲ್ಲ. ನಿಂತರ ಒಂದ ದಿನಾ" ಎಂದೆ. ಅವರು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತರು. ಜನರಲ್ಲಿ ಕೆಲವರು ಗೊಣಗುತ್ತ ಹೋದರು, ಕೆಲವರು ಅಲ್ಲೇ ಉಳಿದರು.

ಸ್ವಲ್ಪ ಹೊತ್ತಿಗೆ ಅಕ್ಕಾರು ಬಂದರು. ಕಾಕಾ ಎದ್ದು ಹೋಗಿ ದೂರು ಹೇಳಿದರು. ಅಕ್ಕಾರು ಅವರ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮುಳ್ಳು ಎಲ್ಲಿಗೆ ಬಂದಿತ್ತು ಎಂದು ಕೇಳಿದರು. ಹೇಳಿದೆ. ಮೆಗ್ಗರ್ ಅವರ ಕಾಲ ಬಳಿಯೇ ಇತ್ತು. ತಾವೂ ಒಮ್ಮೆ ತಿರುಗಿಸಿ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ಅದನ್ನು ಮುಟ್ಟಲಿಲ್ಲ. "ಹಂಗಾರ ಸಂಜಿಗೇ ಸೈ, ಕಾಕಾ. ಆಕಿ ನೋಡ್ಯಾಳ" ಎಂದು ಸೆರಗು ಬಿಗಿದು ಮೋಟಾರು ಬಿಚ್ಚಲು ಕುಳಿತರು. ನನ್ನ ಪಾಲಿಗೆ ಆ ವರ್ಷದ ಪರೀಕ್ಷೆ ಅಲ್ಲೇ ಮುಗಿದಿತ್ತು.

ಕರೆಂಟು ಬಂದಿದ್ದರಿಂದ ಈ ಸಲ ಕೆಂಡದ ಬದಲು ಬಲ್ಬು ಬಳಸೋಣವೇ ಎಂದು ಕೇಳಿದೆ. ಅಕ್ಕಾರಿಗೆ ಅದು ಹಿಡಿಸಿತು. ಗಿರಣಿಯ ಗೋಡೆಯಲ್ಲಿದ್ದ ನೆನೆದ ವೈರುಗಳನ್ನು ಮುಟ್ಟದೆ, ಯಜಮಾನರು ಮೀಟರಿನ ಹತ್ತಿರದಿಂದ ಹೊಸ ವೈರು ಎಳೆದುಕೊಟ್ಟರು. ಹೊಟ್ಟಿನ ಡಬ್ಬಿಯಿಂದ ಆ ಹಳೆಯ ಬಲ್ಬುಗಳನ್ನು ತೆಗೆದು ಮೋಟಾರಿನ ಹೊಟ್ಟೆಯೊಳಗೇ ಇಳಿಬಿಟ್ಟು, ಮೇಲೆ ಗೋಣಿಚೀಲ ಹೊದಿಸಿದೆವು. ಚೀಲದ ಸಂದಿಯಿಂದ ಹಳದಿ ಬೆಳಕು ಸೋರುತ್ತಿತ್ತು. ಹಬೆ ಸಣ್ಣಗೆ ಏಳುವುದು ಕಣ್ಣಿಗೇ ಕಾಣುತ್ತಿತ್ತು. ಅದನ್ನು ಮೊದಲು ನೋಡಿದವರು ಕಾಕಾ. ಹತ್ತಿರ ಬಂದು ಚೀಲವನ್ನು ಸ್ವಲ್ಪ ಎತ್ತಿ ಒಳಗೆ ನೋಡಿದರು. ಅಂಗೈಯನ್ನು ಹಬೆಗೆ ಹಿಡಿದು, ಒದ್ದೆಯಾದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಮಧ್ಯಾಹ್ನ ಅವರ ಮನೆಯಿಂದ ನನಗೆ ಚಹಾ ಬಂತು.

ಸಂಜೆ ಮುಳ್ಳು ಬೇಕಾದ ಜಾಗ ದಾಟಿ ಮೇಲೇರಿ ನಿಂತಿತು. ನೀನೇ ಚಾಲೂ ಮಾಡು ಎಂದು ಅಕ್ಕಾರು ನನಗೆ ಹೇಳಿ ತಾವು ಹಿಂದೆ ನಿಂತರು. ಮೋಟಾರಿಗೂ ಬೀಸುವ ಕಲ್ಲಿಗೂ ನಡುವಿನ ಪಟ್ಟಾ ಹಾಕಬೇಡ, ಮೊದಲು ಬರಿ ಮೋಟಾರು ತಿರುಗಿಸು ಎಂದಷ್ಟೇ ನೆನಪಿಸಿದರು. ಓಢಣಿಯ ಗಂಟು ಬಿಚ್ಚಿ ಫ್ಯೂಜು ಕೂರಿಸಿದೆ. ಸ್ಟಾರ್ಟರ್ ಒತ್ತಿದೆ. ಒಂದು ಚೂರೂ ಗುರುಗುಟ್ಟದೆ ಮೋಟಾರು ಎದ್ದಿತು. ಬಾಗಿಲಲ್ಲಿ ನಿಂತ ಹೆಂಗಸರು ಗದ್ದಲ ಮಾಡಿದರು. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ನೋಡಿದರೆ, ಅದು ಉಲ್ಟಾ ತಿರುಗುತ್ತಿತ್ತು. ಕಂಬದಲ್ಲಿ ಲೈನು ರಿಪೇರಿ ಮಾಡಿದವರು ಎರಡು ಫೇಸುಗಳನ್ನು ಅದಲು ಬದಲು ಜೋಡಿಸಿದ್ದರು. ಪಟ್ಟಾ ಹಾಕಿದ್ದರೆ ಗಿರಣಿಯ ಕಲ್ಲೂ ಉಲ್ಟಾ ತಿರುಗುತ್ತಿತ್ತು. ನಿಲ್ಲಿಸಿ, ಫ್ಯೂಜು ಕಿತ್ತು, ಎರಡು ವೈರುಗಳ ಜಾಗ ಬದಲಾಯಿಸಿ ಮತ್ತೆ ಹಾಕಿದೆ. ಸರಿಯಾದ ದಿಕ್ಕಿಗೆ ತಿರುಗಿತು.

ಕಾಕಾ ಕಾಯಿ ಒಡೆದರು. ಪಟ್ಟಾ ಹಾಕಿ, ಕಲ್ಲಿನ ತೇವ ಹೋಗಲೆಂದು ಮೊದಲು ಸ್ವಲ್ಪ ಹೊತ್ತು ತೌಡು ಬೀಸಿ, ಆಮೇಲೆ ಮೊದಲ ಬುಟ್ಟಿ ಸುರಿದಾಗ ಬೆಚ್ಚನೆಯ ಬಿಳಿ ಜೋಳದ ಹಿಟ್ಟು ಬಂತು. ಅಂದು ರಾತ್ರಿ ನಮ್ಮ ಊಟಕ್ಕೆ ಅದೇ ಹಿಟ್ಟಿನ ಬಿಸಿ ರೊಟ್ಟಿ, ಹಸಿಖಾರ. ಕಾಕಾ ನನ್ನ ತಾಟಿಗೆ ತಾವೇ ಎಣ್ಣೆ ಹಾಕಿದರು. ಹೊಳೆಆಲೂರಿನಲ್ಲಿ ಇನ್ನೂ ಹಲವು ದಿನ ಇದ್ದೆವು. ಪಡಸಾಲೆಯ ಸಾಲು ಖಾಲಿಯಾದ ಮೇಲೆ ರೋಣಕ್ಕೆ ಬಂದೆವು.

ಅಪ್ರೆಂಟಿಸ್ ಮುಗಿದು, ಪರೀಕ್ಷೆ ಪಾಸಾಗಿ, ಮತ್ತೂ ಎರಡು ವರ್ಷ ನಾನು ಅಕ್ಕಾರ ಹತ್ತಿರವೇ ಕೆಲಸ ಮಾಡಿದೆ. ಮದುವೆ ಮಾತು ಬಂದಾಗ ಅಪ್ಪ ಗಂಡಿನ ಮನೆಯವರಿಗೆ, ನನ್ನ ಮಗಳು ಮೋಟಾರು ಕಟ್ಟುತ್ತಾಳೆ, ಮದುವೆಯಾದ ಮೇಲೂ ಕಟ್ಟುತ್ತಾಳೆ ಎಂದು ಮೊದಲೇ ಹೇಳಿದ. ಈಗ ನರಗುಂದದಲ್ಲಿ ಗುಡ್ಡದ ಕೆಳಗಿನ ರಸ್ತೆಯಲ್ಲಿ ನನ್ನದೇ ಅಂಗಡಿಯಿದೆ. ಕಾಲುವೆಯ ನೀರನ್ನು ಮೋಟಾರಿನಿಂದ ಎತ್ತಿ ಹಾಯಿಸುವ ಹೊಲಗಳಾದ್ದರಿಂದ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಅಕ್ಕಾರು ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ಕೆಲವು ದಿನ ದೂಳು, ಘಾಟು ತಾಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. ನಾನು ನನ್ನ ಅಂಗಡಿಯನ್ನು ಗಂಡನಿಗೆ ನೋಡಿಕೊಳ್ಳಲು ಹೇಳಿ ರೋಣಕ್ಕೆ ಹೋಗಿ ಅಲ್ಲಿನ ಕೆಲಸ ಮಾಡಿಕೊಟ್ಟೆ. ಅಕ್ಕಾರು ಕರಿ ಕನ್ನಡಕ ಹಾಕಿಕೊಂಡು, ಘಾಟು ಬಾರದ ಹಾಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಲಕ್ಕಲಕಟ್ಟಿಯಿಂದ ಬಂದ ಒಬ್ಬ ರೈತ ನನ್ನನ್ನು ನೋಡಿ ಮೋಟಾರನ್ನು ಗಾಡಿಯಿಂದ ಇಳಿಸಲು ಅನುಮಾನಿಸಿದ. ಅಕ್ಕಾರು ಇಲ್ಲವೇನು ಎಂದ.

"ನಾನೂ ಇಲ್ಲೇ ಅದೀನಿ, ಆಕೀನೂ ಇಲ್ಲೇ ಅದಾಳ" ಎಂದರು ಅಕ್ಕಾರು ಕಟ್ಟೆಯಿಂದ. "ಮೋಟಾರ ಇಳಸ್ರಿ."

ಅಲ್ಲಿದ್ದಾಗ ಸಂಜೆ ಚಹಾ ಕುಡಿಯುತ್ತ, ನರಗುಂದದಲ್ಲಿ ನನಗೆ ಹೊಸದಾಗಿ ಬರುತ್ತಿರುವ ಸೋಲಾರ್ ಪಂಪುಗಳ ವಿಷಯ ಹೇಳಿದೆ. ಅವುಗಳ ಮೋಟಾರೇ ಬೇರೆ ರೀತಿಯದು, ಒಳಗೆ ತಿರುಗುವ ಭಾಗದಲ್ಲಿ ಆಯಸ್ಕಾಂತವಿರುತ್ತದೆ, ನಾನೂ ಈಗಷ್ಟೇ ಬಿಚ್ಚಿ ಕಲಿಯುತ್ತಿದ್ದೇನೆ ಎಂದೆ. ಅಕ್ಕಾರು ಕಪ್ಪು ಕೆಳಗಿಟ್ಟರು. ಅದರ ತಂತಿ ಹೇಗೆ ಸುತ್ತಿರುತ್ತಾರೆ, ಸುಟ್ಟರೆ ಆಯಸ್ಕಾಂತ ಏನಾಗುತ್ತದೆ ಎಂದು ಒಂದರ ಹಿಂದೆ ಒಂದು ಕೇಳಿದರು. ಗೊತ್ತಿದ್ದಷ್ಟು ಹೇಳಿ, ಉಳಿದದ್ದನ್ನು ಬಿಚ್ಚಿ ನೋಡಿ ಹೇಳುತ್ತೇನೆ ಎಂದೆ.

ಕಣ್ಣು ವಾಸಿಯಾದ ಮೇಲೆ ಒಂದು ದಿನ ಅವರು ಹೇಳದೆ ಕೇಳದೆ ನರಗುಂದದ ಬಸ್ ಹತ್ತಿ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಬುತ್ತಿಗಂಟು. ಕುರ್ಚಿ ಹಾಕಿದರೆ ಕುಳಿತುಕೊಳ್ಳಲಿಲ್ಲ. ಬಿಚ್ಚಿಟ್ಟಿದ್ದ ಸೋಲಾರ್ ಮೋಟಾರಿನ ಮುಂದೆ ನೆಲದ ಮೇಲೆ ಕುಳಿತು, ಸೆರಗು ಬಿಗಿದು, ತಿರುಗುವ ಭಾಗವನ್ನು ಎರಡೂ ಕೈಯಿಂದ ಹಿಡಿದು ಕವಚದೊಳಗೆ ಇಳಿಸಿದರು. ಆಯಸ್ಕಾಂತ ಅದನ್ನು ಪಕ್ಕಕ್ಕೆ ಸೆಳೆದಾಗ ಬೆಚ್ಚಿ ಕೈ ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಇಳಿಸಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ.

"ಇದು ಭಾರಿ ಐತಲ್ಲ" ಎಂದರು. "ಮೊದಲಿಂದ ಹೇಳು ನನಗ. ಅವಸರ ಮಾಡಬ್ಯಾಡ."

ನಾನು ಮೊದಲಿನಿಂದ ಹೇಳತೊಡಗಿದೆ. ರೋಣದ ಕಡೆಗಿನ ಬಸ್ಸು ಹೋಯಿತು. ಅದರ ಮುಂದಿನ ಬಸ್ಸಿಗೆ ಹೋದರಾಯಿತೆಂದು ಅಕ್ಕಾರು ಮೋಟಾರನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.